‘ರೈಲ್ವೆ’ ಎಂಬ ಜೋಡುಪದ



ರೋಣದ ಕಡೆಯ ರೈತನು ‘ಹೊಳೆಆಲೂರಿಗೆ ಹೋಗಿ ರೈಲು ಹತ್ತಬೇಕು’ ಎನ್ನುವಾಗ ಪರಭಾಷೆಯ ಮಾತನ್ನಾಡುತ್ತಿರುವೆನೆಂದು ಎಣಿಸುವುದಿಲ್ಲ. ಇಷ್ಟು ಬಳಕೆಯಾದ ಪದದ ಕುಲವನ್ನು ನಾವು ಇಂದು ಕೊಂಚ ವಿಚಾರಿಸೋಣ.

ಆಂಗ್ಲರ ‘ರೈಲ್ವೆ’ ಎರಡು ಪದಗಳ ಸಮಾಸ. ‘ರೈಲ್’ ಎಂದರೆ ನೇರವಾದ ಕಂಬಿ; ಇದರ ಮೂಲವು ಅಳತೆಗೋಲೆಂಬ ಅರ್ಥದ ಲ್ಯಾಟಿನ್ ‘ರೆಗುಲ’. ‘ವೇ’ ಎಂದರೆ ದಾರಿ. ಭಾಷಾಶಾಸ್ತ್ರಜ್ಞರ ಮತದಲ್ಲಿ ಮೊದಲನೆಯದು ಸಂಸ್ಕೃತದ ‘ಋಜು’ ಶಬ್ದಕ್ಕೂ, ಎರಡನೆಯದು ‘ವಾಹನ’ದಲ್ಲಿರುವ ‘ವಹ್’ ಧಾತುವಿಗೂ ಜ್ಞಾತಿ. ಪರಕೀಯನೆಂದು ನಾವು ಭಾವಿಸಿದವನು ದೂರದ ದಾಯಾದಿಯೇ ಆದನು!

ಈ ಪದವು ಉಗಿಯಂತ್ರದ ಬಂಡಿಗಿಂತ ಹಳೆಯದು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಕುದುರೆಗಳು ಮರದ ಕಂಬಿಗಳ ಮೇಲೆ ಬಂಡಿಯೆಳೆಯುತ್ತಿದ್ದ ಕಾಲದಲ್ಲೇ ಅದು ಹುಟ್ಟಿತು. ಕಂಬಿಯ ಮೇಲೆ ಉಗಿಯಂತ್ರವು ಓಡಿದ್ದು 1804ರಲ್ಲಿ.

ನಮ್ಮ ನಾಡಿಗೆ ಅದು ಬಂದುದು ಕ್ಷಾಮದ ಬೆನ್ನಿಗೆ. 1876–78ರ ಬರದಲ್ಲಿ ಧಾರವಾಡ ಜಿಲ್ಲೆ ಬಹಳ ನೊಂದಿತು. ಧಾನ್ಯ ಹೊರಬೇಕಾದ ಎತ್ತುಗಳಿಗೇ ಮೇವುನೀರಿಲ್ಲದಿರಲು, ಹಸಿದ ಊರಿಗೆ ಕಾಳು ಮುಟ್ಟುವುದೆಂತು? ಇಂತಹ ಬರಗಳ ಪರಿಹಾರವನ್ನೂ ಉದ್ದೇಶಿಸಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. 1884ರಲ್ಲಿ ಗದಗ–ಹೋಟಗಿ ಮಾರ್ಗವು ರೋಣ ತಾಲ್ಲೂಕಿನ ಹೊಳೆಆಲೂರನ್ನು ಹಾದು ತೆರೆಯಿತು. ಬರದಲ್ಲಿ ಮಡಿದವರ ಪಾಲಿಗೆ ಅದು ತಡವಾಗಿಯೇ ಬಂದಿತು.

ನರಗುಂದ, ಗಜೇಂದ್ರಗಡಗಳ ಕೋಟೆಯ ಬುಡಕ್ಕೆ ಹಳಿ ಬರಲಿಲ್ಲ. ಪದವು ಮಾತ್ರ ಜನರ ಬಾಯಲ್ಲೇ ನಡೆದು ಬಂದಿತು. ಬಂದದ್ದು ಹಾಗೆಯೇ ಉಳಿಯಲೂ ಇಲ್ಲ. ಕನ್ನಡಿಗನು ಸಮಾಸವನ್ನು ಮುರಿದು ಪೂರ್ವಪದವನ್ನು ಇರಿಸಿಕೊಂಡನು. ಕಂಬಿಯ ಹೆಸರನ್ನು ಬಂಡಿಗಿಟ್ಟು, ಕಂಬಿಯನ್ನು ‘ಹಳಿ’ಯೆಂದನು. ಇಡಿಯ ‘ರೈಲ್ವೆ’ಯನ್ನು ಇಲಾಖೆಗೆ ಬಿಟ್ಟುಕೊಟ್ಟನು.

ಪಂಡಿತರು ‘ಧೂಮಶಕಟ’ವೆಂದರು, ‘ಉಗಿಬಂಡಿ’, ‘ಹೊಗೆಬಂಡಿ’ಗಳೂ ಬಳಕೆಗೆ ಬಂದವು. ಅಂದವಾದ ಮಾತುಗಳೇ. ಆದರೆ ಅವು ಬಂಡಿಯ ಶಕ್ತಿಯನ್ನು ಹೆಸರಿಸಿದವು. ಹೊಗೆ ಅಡಗಿ ವಿದ್ಯುತ್ತು ಬಂದಾಗ ಅವುಗಳ ಅರ್ಥಕ್ಕೆ ಆಸರೆ ತಪ್ಪಿತು. ‘ರೈಲು’ ದಾರಿಯನ್ನು ಹೆಸರಿಸಿದ ಪದದ ತುಂಡು. ಕುದುರೆ ಹೋಯಿತು, ಉಗಿ ಹೋಯಿತು, ದಾರಿ ಉಳಿಯಿತು. ಅದರೊಡನೆ ಪದವೂ ಉಳಿಯಿತು.

ಆದುದರಿಂದ ಎರವಲು ಪದವನ್ನು ಕಂಡೊಡನೆ ಹೊರಗಟ್ಟಲು ನಾವು ಅವಸರಪಡಬೇಕಾಗಿಲ್ಲ. ಅದನ್ನು ಮುರಿದು, ತಿದ್ದಿ, ತನ್ನದಾಗಿಸಿಕೊಳ್ಳುವ ಬಲವು ರೋಣದ ಆ ರೈತನ ನಾಲಗೆಗಿದೆ.