ಕೃಪೆಗೆ ಕೈ ಚಾಚಬೇಕೇ?

ನಮ್ಮ ದೇವರಾಯಸಮುದ್ರದಿಂದ ಕೋಲಾರಕ್ಕೆ ಹೋದಾಗಲೆಲ್ಲ ಇ.ಟಿ.ಸಿ.ಎಂ. ಆಸ್ಪತ್ರೆ ಕಂಡರೆ ನನಗೊಂದು ಹಳೇ ಜಗಳ ನೆನಪಾಗುತ್ತೆ. ಅದನ್ನು ಕಟ್ಟಿದ್ದು ಮೆಥೊಡಿಸ್ಟ್ ಮಿಷನ್.

ಆ ಪಂಥದ ಮೂಲಪುರುಷ ಜಾನ್ ವೆಸ್ಲಿಗೂ ಗೆಳೆಯ ವಿಟ್‌ಫೀಲ್ಡ್‌ಗೂ 1739ರ ಹೊತ್ತಿಗೆ ಮನಸ್ತಾಪ ಶುರುವಾಯ್ತು. ಉದ್ಧಾರವಾಗುವವರನ್ನು ದೇವರು ಮೊದಲೇ ಆರಿಸಿದ್ದಾನೆ ಎಂಬುದು ವಿಟ್‌ಫೀಲ್ಡ್ ನಂಬಿಕೆ. ಹಾಗಿದ್ದರೆ ಬೋಧನೆಯೇ ವ್ಯರ್ಥವಲ್ಲವೇ ಅಂದ ವೆಸ್ಲಿ. ಅವನ ಪ್ರಕಾರ ಕೃಪೆಯೇ ಮೊದಲು ಬಂದು ಇಚ್ಛೆಯನ್ನು ಎಬ್ಬಿಸುತ್ತೆ. ಆಮೇಲೆ ಒಪ್ಪುವುದು, ಒಲ್ಲೆನ್ನುವುದು ಮನುಷ್ಯನಿಗೆ ಬಿಟ್ಟದ್ದು.

ನಮ್ಮ ಶ್ರೀವೈಷ್ಣವರಲ್ಲೂ ಇದೇ ಚರ್ಚೆ. ಕೋತಿಮರಿ ತಾನೇ ತಾಯಿಯನ್ನು ಅವುಚಿಕೊಳ್ಳಬೇಕು. ಬೆಕ್ಕಿನಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತೆ.

ಹಿಂದೆ ಹೊಸ ಮತಕ್ಕೆ ಸೇರಿದ ಮನೆಗಳವರಿಗೆ ಇದು ಬರೀ ತರ್ಕವಲ್ಲ. 'ನಾವೇ ಆರಿಸಿಕೊಂಡೆವು' ಅನ್ನಬಹುದೇ ಎಂಬ ಮಾನದ ಪ್ರಶ್ನೆ. ಒಲ್ಲೆ ಅನ್ನುವ ಸ್ವಾತಂತ್ರ್ಯವಿಲ್ಲದೆ ಒಪ್ಪಿದೆ ಅನ್ನೋದಕ್ಕೆ ಬೆಲೆಯೆಲ್ಲಿ? ನಾನಂತೂ ವೆಸ್ಲಿ ಕಡೆ. ನೀವೇನಂತೀರಿ?