ಸ್ಕಾಟ್ಲೆಂಡಿನ ಚುನಾವಣೆಗಳಲ್ಲಿ ಸ್ಥಾನಗಳ ಕೈಬದಲು

1922ನೆಯ ಇಸವಿ ನವೆಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಮತದಾರರು ವಿನ್‌ಸ್ಟನ್ ಚರ್ಚಿಲ್ಲರನ್ನು ಸೋಲಿಸಿ ಕಳುಹಿಸಿದರು. 1908ರಿಂದ ಆ ಪಟ್ಟಣವನ್ನು ಕಾಮನ್ಸ್ ಸಭೆಯಲ್ಲಿ ಪ್ರತಿನಿಧಿಸುತ್ತಿದ್ದ, ಹಲವು ಮಂತ್ರಿಪದವಿಗಳನ್ನು ವಹಿಸಿದ್ದ ಆ ಮಹಾಶಯರಿಗೆ ದೊರೆತುದು ನಾಲ್ಕನೆಯ ಸ್ಥಾನ. ಎರಡು ಸ್ಥಾನಗಳುಳ್ಳ ಆ ಕ್ಷೇತ್ರದಲ್ಲಿ ಮೊದಲಿಗರಾಗಿ ಗೆದ್ದವರು ಎಡ್ವಿನ್ ಸ್ಕ್ರಿಮ್ಜರ್ ಎಂಬ ಪಾನನಿರೋಧವಾದಿಗಳು. ಅದೇ ಊರಿನಲ್ಲಿ ಐದು ಸಲ ನಿಂತು ಐದು ಸಲವೂ ಸೋತು, ಆರನೆಯ ಸಲ ಜಯ ಕಂಡವರು. ಮದ್ಯಪ್ರಿಯರೆಂದು ಹೆಸರಾದವರೊಬ್ಬರು ಪಾನನಿರೋಧವಾದಿಯ ಕೈಯಲ್ಲಿ ಸೋತುದನ್ನು ಬರೆಯುವಾಗ ಎಂಥ ಗಂಭೀರ ಇತಿಹಾಸಕಾರನಿಗೂ ಮುಗುಳ್ನಗೆ ಬಾರದಿರದು.

ಪಾರ್ಲಿಮೆಂಟಿನ ಸ್ಥಾನವು ಕೈಬದಲಾಗುವುದೆಂದರೆ ಹೀಗೆಯೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಜನರ ಮನಸ್ಸು ತಿರುಗುತ್ತದೆ, ಒಬ್ಬನು ಇಳಿಯುತ್ತಾನೆ, ಇನ್ನೊಬ್ಬನು ಏರುತ್ತಾನೆ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ದಿಟವಿರಬಹುದು. ಪಕ್ಷಗಳ ಏಳುಬೀಳಿನಲ್ಲಿ ಮಾತ್ರ ಜನರ ಮನಸ್ಸಿಗಿಂತ ಗಣಿತದ ಕೈವಾಡವೇ ಹೆಚ್ಚೆಂದು ಸ್ಕಾಟ್ಲೆಂಡಿನ ಚರಿತ್ರೆಯನ್ನು ನೋಡಿದವರಿಗೆ ತೋರದಿರದು.

ಜನರ ಮನಸ್ಸಿಗೆ ಲೆಕ್ಕವೇ ಇಲ್ಲದಿದ್ದ ಕಾಲವೂ ಒಂದಿದ್ದಿತು. 1707ರಲ್ಲಿ ಇಂಗ್ಲೆಂಡಿನೊಡನೆ ಐಕ್ಯವಾದಾಗ ಸ್ಕಾಟ್ಲೆಂಡಿಗೆ ಕಾಮನ್ಸ್ ಸಭೆಯಲ್ಲಿ 45 ಸ್ಥಾನಗಳು ದೊರೆತುವು. ಅಂದಿನಿಂದ 1832ರ ಸುಧಾರಣೆಯವರೆಗೆ ಇಡೀ ದೇಶದಲ್ಲಿ ಮತದಾರರು ಕೆಲವು ಸಾವಿರ ಮಂದಿ ಮಾತ್ರ. ಎಡಿನ್‌ಬರೊ ಮಹಾನಗರದ ಪ್ರತಿನಿಧಿಯನ್ನು ಆರಿಸುತ್ತಿದ್ದವರು ಅಲ್ಲಿನ ನಗರಸಭೆಯ 33 ಸದಸ್ಯರು. ಬ್ಯೂಟ್ ಎಂಬ ದ್ವೀಪಪ್ರಾಂತದ ವಿಷಯವಾಗಿ ಒಂದು ಕಥೆಯನ್ನು ಹೇಳುವುದುಂಟು. ಅಲ್ಲಿ ಒಮ್ಮೆ ಚುನಾವಣೆಗೆ ಒಬ್ಬನೇ ಮತದಾರನು ಬಂದನಂತೆ. ಆತನೇ ಅಧ್ಯಕ್ಷಪೀಠವನ್ನು ಅಲಂಕರಿಸಿ, ತನ್ನ ಹೆಸರನ್ನು ತಾನೇ ಕೂಗಿ, ತಾನೇ ಓಗೊಟ್ಟು, ತನ್ನನ್ನು ತಾನೇ ಸೂಚಿಸಿ ಅನುಮೋದಿಸಿ, ಸರ್ವಾನುಮತದಿಂದ ಆಯ್ಕೆಯಾದನಂತೆ. 1832ರ ಶಾಸನವು ಈ ವಿನೋದವನ್ನು ಕೊನೆಗಾಣಿಸಿ ಮತದಾರರ ಸಂಖ್ಯೆಯನ್ನು ಸುಮಾರು 65,000ಕ್ಕೆ ಏರಿಸಿತು.

ಮುಂದೆ ಮತದಾನದ ಹಕ್ಕು ಕ್ರಮಕ್ರಮವಾಗಿ ಎಲ್ಲರಿಗೂ ಹರಡಿ, ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ, ಹೆಚ್ಚು ಓಟು ಪಡೆದವನೇ ಗೆದ್ದವನು ಎಂಬ ಕ್ರಮವು ನೆಲೆಗೊಂಡಿತು. ನಮ್ಮ ಲೋಕಸಭೆಗೂ ಇದೇ ಪದ್ಧತಿಯಾದುದರಿಂದ ಇದನ್ನು ವಿವರಿಸಬೇಕಾದುದಿಲ್ಲ. ಅದರ ಪರಿಣಾಮವನ್ನು ನೋಡೋಣ. 1955ರಲ್ಲಿ ಕನ್ಸರ್ವೇಟಿವರೊಡನೆ ಕೂಡಿ ನಡೆಯುತ್ತಿದ್ದ ಯೂನಿಯನಿಸ್ಟರು ಸ್ಕಾಟ್ಲೆಂಡಿನ ಓಟುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಪಡೆದು 71 ಸ್ಥಾನಗಳಲ್ಲಿ 36ನ್ನು ಗೆದ್ದರು. ನ್ಯಾಯವಾದ ಫಲವೇ ಸರಿ. 1997ರಲ್ಲಿ ಕನ್ಸರ್ವೇಟಿವರಿಗೆ ಬಂದುದು ಶೇಕಡ 17.5, ಎಂದರೆ ಐದು ಲಕ್ಷಕ್ಕೆ ಸ್ವಲ್ಪ ಕಡಮೆ ಓಟುಗಳು. ಸ್ಥಾನ ಒಂದೂ ಇಲ್ಲ. ಅದೇ ಚುನಾವಣೆಯಲ್ಲಿ ಶೇಕಡ 13ರಷ್ಟು ಓಟು ಪಡೆದ ಲಿಬರಲ್ ಡೆಮೊಕ್ರಾಟರಿಗೆ 10 ಸ್ಥಾನಗಳು! ತರಗತಿಯಲ್ಲಿ ಈ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದಾಗ, ಉಪಾಧ್ಯಾಯರು ತಪ್ಪು ಬರೆದರೆಂದೇ ಹುಡುಗರು ತಿಳಿಯುತ್ತಾರೆ. ತಪ್ಪೇನೂ ಇಲ್ಲ. ಲಿಬರಲರ ಬೆಂಬಲವು ಉತ್ತರದ ಮಲೆನಾಡು, ದಕ್ಷಿಣದ ಗಡಿನಾಡು ಮುಂತಾದ ಕೆಲವೆಡೆಗಳಲ್ಲಿ ಗಟ್ಟಿಯಾಗಿ ನಿಂತಿದ್ದಿತು. ಕನ್ಸರ್ವೇಟಿವರದು ನಾಡಿನ ಉದ್ದಗಲಕ್ಕೂ ತೆಳುವಾಗಿ ಹರಡಿದ್ದಿತು. ಒಂದೇ ಕೊಡ ನೀರು ಬಾವಿಯ ತೊಟ್ಟಿಯಲ್ಲಿ ನಿಂತರೆ ಕುಡಿಯಲು ಬಂದೀತು, ಅಂಗಳಕ್ಕೆ ಚೆಲ್ಲಿದರೆ ಇಂಗಿಹೋದೀತು.

ಇದಕ್ಕಿಂತ ಸೋಜಿಗವಾದುದು 2015ರ ಪ್ರಸಂಗ. ಅದಕ್ಕೆ ಐದು ವರ್ಷ ಹಿಂದೆ, 2010ರಲ್ಲಿ, ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 2005ರ ಸಾಮಾನ್ಯ ಚುನಾವಣೆಗೆ ಹೋಲಿಸಿದರೆ ಒಂದೂ ಕೈಬದಲಾಗಿರಲಿಲ್ಲ (ಸಭಾಧ್ಯಕ್ಷರ ಸ್ಥಾನವನ್ನು ಅವರ ಹಳೆಯ ಲೇಬರ್ ಪಕ್ಷಕ್ಕೆ ಸೇರಿಸಿ ಎಣಿಸುವುದಾದರೆ). 2015ರಲ್ಲಿ ಒಂದೇ ರಾತ್ರಿಯಲ್ಲಿ 50 ಸ್ಥಾನಗಳು ಬದಲಾದುವು. ಲೇಬರ್ ಪಕ್ಷವು 41ರಿಂದ ಒಂದಕ್ಕೆ ಇಳಿಯಿತು. ಸ್ಕಾಟಿಷ್ ನ್ಯಾಷನಲ್ ಪಕ್ಷವು ಆರರಿಂದ 56ಕ್ಕೆ ಏರಿತು. ನಡುವೆ ನಡೆದುದಾದರೂ ಏನು? 2014ರ ಸೆಪ್ಟೆಂಬರ್ 18ರಂದು ಸ್ವಾತಂತ್ರ್ಯದ ಪ್ರಶ್ನೆಯ ಮೇಲೆ ಜನಮತಗಣನೆಯಾಗಿ, ಸ್ವಾತಂತ್ರ್ಯ ಬೇಕೆಂದವರು ಶೇಕಡ 44.7, ಬೇಡವೆಂದವರು 55.3 ಆಗಿದ್ದರು. ಎಂದರೆ ನ್ಯಾಷನಲ್ ಪಕ್ಷದ ವಾದವು ಸೋತಿದ್ದಿತು. ಆದರೆ ಎಂಟು ತಿಂಗಳಾಗುವುದರೊಳಗೆ, ಸೋತವರಲ್ಲಿ ಬಹುಮಂದಿ ಒಂದೇ ಪಕ್ಷದ ಬೆನ್ನಿಗೆ ನಿಂತರು; ಗೆದ್ದವರು ಮೂರು ಪಕ್ಷಗಳಾಗಿ ಒಡೆದರು. ನ್ಯಾಷನಲ್ ಪಕ್ಷಕ್ಕೆ ಓಟಿನಲ್ಲಿ ಅರ್ಧ ಪಾಲು ಬಂದಿತು. ಆ ಮೂರು ಪಕ್ಷಗಳಿಗೆ ಒಟ್ಟಿನಲ್ಲಿ ಶೇಕಡ ಸುಮಾರು 47 ಬಂದಿತು. ಸ್ಥಾನ ಮಾತ್ರ ತಲಾ ಒಂದೊಂದು.

ಸ್ಥಾನಗಳ ಪಟ್ಟಿಯೊಂದನ್ನೇ ಎದುರಿಗಿಟ್ಟುಕೊಂಡು ಚರಿತ್ರೆ ಬರೆಯುವವನು, 1997ರಲ್ಲಿ ಆ ನಾಡಿನಲ್ಲಿ ಕನ್ಸರ್ವೇಟಿವರೇ ಇರಲಿಲ್ಲವೆಂದೂ 2015ರಲ್ಲಿ ಎಲ್ಲರೂ ಸ್ವಾತಂತ್ರ್ಯವಾದಿಗಳಾದರೆಂದೂ ಬರೆದಾನು. ಎರಡೂ ಸುಳ್ಳು. ಸುಳ್ಳೆಂಬುದು ಬೇಗನೆ ಬಯಲಿಗೂ ಬಂದಿತು. 2017ರಲ್ಲಿ ಐಕ್ಯವಾದಿಗಳಲ್ಲಿ ಹಲವರು ತಮ್ಮ ಕ್ಷೇತ್ರದಲ್ಲಿ ಗೆಲ್ಲಬಲ್ಲ ಪಕ್ಷವಾವುದೆಂದು ನೋಡಿ ಓಟು ಹಾಕಿದರು. ನ್ಯಾಷನಲ್ ಪಕ್ಷವು 21 ಸ್ಥಾನಗಳನ್ನು ಕಳೆದುಕೊಂಡಿತು; ಕನ್ಸರ್ವೇಟಿವರು ಒಂದರಿಂದ 13ಕ್ಕೆ ಬೆಳೆದರು. ಈಶಾನ್ಯ ಫೈಫ್ ಕ್ಷೇತ್ರದಲ್ಲಿ ಓಟುಗಳನ್ನು ಎಣಿಸಿ, ಮರಳಿ ಎಣಿಸಿ ನೋಡಿದರೆ ಅಂತರ ಎರಡೇ ಓಟು! ಮಳೆಗೆ ಅಂಜಿ ಮನೆಯಲ್ಲಿ ಕುಳಿತ ಗಂಡಹೆಂಡಿರಿಬ್ಬರು ಸಾಕಾಗಿತ್ತು.

2019ರಲ್ಲಿ ತಕ್ಕಡಿ ಮತ್ತೆ ನ್ಯಾಷನಲ್ ಪಕ್ಷದ ಕಡೆಗೆ ವಾಲಿ 48 ಸ್ಥಾನಗಳನ್ನು ಕೊಟ್ಟಿತು. 2024ರಲ್ಲಿ ಸ್ಥಾನಗಳು 57ಕ್ಕೆ ಇಳಿದಿದ್ದುವು. ಲೇಬರ್ ಪಕ್ಷಕ್ಕೆ ಶೇಕಡ 35 ಓಟು, 37 ಸ್ಥಾನ. ನ್ಯಾಷನಲ್ ಪಕ್ಷಕ್ಕೆ ಶೇಕಡ 30 ಓಟು, ಒಂಬತ್ತು ಸ್ಥಾನ. ಅದೇ ಪಕ್ಷವು ಅರ್ಧ ಶತಮಾನದ ಹಿಂದೆ, 1974ರ ಅಕ್ಟೋಬರಿನಲ್ಲಿ, ಶೇಕಡ 30ರಷ್ಟೇ ಓಟು ಪಡೆದು 71ರಲ್ಲಿ 11 ಸ್ಥಾನಗಳನ್ನು ಗೆದ್ದಿದ್ದಿತು. ಆಗ ಅದು ಉದಯವೆನಿಸಿಕೊಂಡಿತು, ಈಗ ಪತನವೆನಿಸಿಕೊಂಡಿತು.

ಇಷ್ಟು ಏರಿಳಿತಗಳ ನಡುವೆ ದೂರದ ಉತ್ತರ ಸಮುದ್ರದ ಆರ್ಕ್ನಿ ಮತ್ತು ಷೆಟ್‌ಲೆಂಡ್ ದ್ವೀಪಗಳ ಸ್ಥಾನವೊಂದು 1950ರಲ್ಲಿ ಲಿಬರಲರ ಕೈಸೇರಿತು. ಆ ಪಕ್ಷವು ಹೆಸರನ್ನೇ ಬದಲಿಸಿಕೊಂಡರೂ, 2024ರ ಚುನಾವಣೆಯವರೆಗೆ ದ್ವೀಪದ ಜನ ಅದನ್ನು ಬಿಟ್ಟುಕೊಟ್ಟವರಲ್ಲ.