ಆಟೋಕ್ರಾಸ್ ಟೈರುಗಳ ಆಯ್ಕೆ

ಆಟೋಕ್ರಾಸ್ ಎಂಬುದು ವಿಶಾಲವಾದ ಡಾಂಬರು ಅಥವಾ ಕಾಂಕ್ರೀಟ್ ಅಂಗಳದಲ್ಲಿ ಕೋನ್‌ಗಳನ್ನಿಟ್ಟು ರೂಪಿಸಿದ ಅಂಕುಡೊಂಕಾದ ಹಾದಿಯಲ್ಲಿ ಕಾರುಗಳನ್ನು ಓಡಿಸಿ ಸಮಯವನ್ನು ಅಳೆಯುವ ಸ್ಪರ್ಧೆ. ಅಮೆರಿಕದಲ್ಲಿ ಇದು ಹವ್ಯಾಸಿಗಳ ಕ್ರೀಡೆ. ಓಟವು ಸುಮಾರು ಒಂದು ನಿಮಿಷದಷ್ಟೇ ಇರುವುದರಿಂದ, ಬೇಗನೆ ಬಿಸಿಯೇರಿ ನೆಲವನ್ನು ಹಿಡಿಯುವ ಟೈರು ಅಗತ್ಯ.

ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ‘ಸ್ಟ್ರೀಟ್’ ವಿಭಾಗದಲ್ಲಿ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಟ್ರೆಡ್‌ವೇರ್ ಅಂಕ, ಅಂದರೆ ಬಾಳಿಕೆಯ ಅಂಕ, ಕನಿಷ್ಠ 200 ಇರಬೇಕು. 200 ಅಂಕದ ಟೈರು ಪರೀಕ್ಷೆಯಲ್ಲಿ 100 ಅಂಕದ ಟೈರಿನ ಎರಡರಷ್ಟು ಬಾಳುತ್ತದೆ ಎಂದು ಅರ್ಥ. ಈ ಅಂಕವನ್ನು ತಯಾರಕರೇ ನೀಡುತ್ತಾರೆ. ಅದು ಹಿಡಿತದ ಅಳತೆಯಲ್ಲ.

ಮೃದುವಾದ ರಬ್ಬರು ಹೆಚ್ಚು ಹಿಡಿತ ನೀಡಿದರೂ ಬೇಗ ಸವೆಯುತ್ತದೆ. ಇಂತಹ ಟೈರುಗಳು ತೀವ್ರ ಚಳಿಯಲ್ಲಿ ಗಡುಸಾಗುತ್ತವೆ. ಸವೆದ ಮೇಲೆ ನೀರು ನಿಂತ ರಸ್ತೆಯಲ್ಲಿ ಜಾರುತ್ತವೆ. ಆದ್ದರಿಂದ ಅದೇ ಕಾರಿನಲ್ಲಿ ನಿತ್ಯ ಸಂಚರಿಸುವವರು ಸ್ಪರ್ಧೆಗೆಂದೇ ಬೇರೆ ನಾಲ್ಕು ಚಕ್ರಗಳನ್ನು ಇರಿಸಿಕೊಳ್ಳುವುದು ಸುರಕ್ಷಿತ.